ಒನ್ಸ್ ಮೋರ್ ಕೂಗಿದ ಬಾಯಿ

ಒಂದೂರಲ್ಲಿ ಒಂದು ಬ್ಯಾಂಡು ಇತ್ತು. ನೋಡಿ, ಬ್ಯಾಂಡು ಅಂದ ಕೂಡಲೇ ನಿಮಗೆ ಮದುವೆ ಮೆರವಣಿಗೆ ನೆನಪಾಯಿತು. ಕೆಂಪು ಕೋಟು, ಹಿತ್ತಾಳೆಯ ತುತ್ತೂರಿ. ಅದಲ್ಲ. ಇದು ರಾಕ್ ಬ್ಯಾಂಡು. ಎರಡು ಗಿಟಾರು, ಒಂದು ಡ್ರಮ್ಮು, ಮುಂದೆ ನಿಂತು ಹಾಡುವವನೊಬ್ಬ. ರೈಲ್ವೆ ವರ್ಕ್‌ಶಾಪಿನ ನಾಲ್ಕು ಜನ ಗೆಳೆಯರು ಕಟ್ಟಿದ್ದು. ಹೆಸರು ‘ಗೂಡ್ಸ್ ಗಾಡಿ’. ನಗಿ, ಪರವಾಗಿಲ್ಲ. ಆ ಊರಿನವರೂ ಮೊದಲು ನಕ್ಕರು. ಆಮೇಲೆ ಹಾಡು ಕೇಳಿದರು, ನಗು ನಿಂತಿತು.

ಅವರ ಒಂದು ಹಾಡು ಇಡೀ ಊರಿಗೇ ಹುಚ್ಚು ಹಿಡಿಸಿತ್ತು. ‘ಗೇಟು ಬಿತ್ತ’ ಅಂತ. ರೈಲ್ವೆ ಗೇಟಿನ ಈಚೆ ಅವನು, ಆಚೆ ಅವಳು, ನಡುವೆ ಮುಗಿಯದ ಗಾಡಿ. ಹಾಡಿನ ಕೊನೆಗೆ ಹಾಡುಗಾರ ಇಂಜಿನ್ನಿನ ಸಿಳ್ಳೆಯ ಹಾಗೆ ಒಂದು ಕೂಗು ಹಾಕುತ್ತಿದ್ದ. ಉದ್ದನೆಯ, ಎತ್ತರದ ಕೂಗು. ಜನ ಬರುತ್ತಿದ್ದದ್ದೇ ಅದಕ್ಕೆ.

ದೃಷ್ಟಾಂತದಲ್ಲಿ ಹೆಸರು ಹೇಳುವ ರೂಢಿ ಇಲ್ಲ. ‘ಒಬ್ಬ ಶ್ರೀಮಂತ’, ‘ಒಬ್ಬ ಬಡವ’ ಎಂದು ಹೇಳಿ ಮುಂದೆ ಹೋಗುತ್ತೇವೆ. ಹಾಗೆ ಹೇಳಿದಾಗ ನೀವೆಲ್ಲ ಪಕ್ಕದಲ್ಲಿ ಕೂತವರ ಮುಖ ನೋಡುವುದನ್ನು ನಾನು ಈ ಪ್ರಸಂಗ ಪೀಠದಿಂದ ಕಂಡಿದ್ದೇನೆ. ಅದಕ್ಕೇ ಇವತ್ತು ಇಬ್ಬರಿಗೆ ಹೆಸರಿಟ್ಟಿದ್ದೇನೆ. ಹಾಡುಗಾರ ಎಲಿಷ. ಅವನ ಅಭಿಮಾನಿ ಗದಿಗೆಪ್ಪ. ಕಥೆ ಅಭಿಮಾನಿಯದು.

ಗದಿಗೆಪ್ಪ ಅಂಗಡಿಗಳ ಬೋರ್ಡು ಬರೆಯುವವನು. ಬ್ಯಾಂಡಿನ ಡ್ರಮ್ಮಿನ ಮೇಲೆ ‘ಗೂಡ್ಸ್ ಗಾಡಿ’ ಎಂದು ಮೊದಲು ಬರೆದುಕೊಟ್ಟದ್ದು ಅವನೇ. ಯಾವ ಕಾರ್ಯಕ್ರಮವಿದ್ದರೂ ಮುಂದಿನ ಸಾಲು, ನಡುವಿನ ಕುರ್ಚಿ. ಬ್ಯಾಂಡು ನಿಂತುಹೋದ ಮೇಲೂ ಅಭಿಮಾನಿಗಳ ಬಳಗ ನಿಲ್ಲಲಿಲ್ಲ, ಅದಕ್ಕೆ ಅವನೇ ಅಧ್ಯಕ್ಷ. ಪ್ರತಿ ರವಿವಾರ ನಾಲ್ಕು ಗಂಟೆಗೆ ಏಳು ಜನ ಚಹಾದಂಗಡಿಯಲ್ಲಿ ಸೇರುತ್ತಿದ್ದರು. ಮಂಡಕ್ಕಿಯ ಗಿರಮಿಟ್ಟು ಬರುತ್ತಿತ್ತು, ಮಿರ್ಚಿ ಭಜಿ ಬರುತ್ತಿತ್ತು, ಮಾತು ಮಾತ್ರ ಒಂದೇ. ‘ಗೂಡ್ಸ್ ಗಾಡಿ’ಗೆ ಮತ್ತೆ ಮೇಲೆ ಬರಲು ಮೂರು ಅವಕಾಶ ಸಿಕ್ಕಿದ್ದವು. ಮೂರನ್ನೂ ಹೇಗೆ ಕಳೆದುಕೊಂಡರು?

“ಮದಲನೇದು ಬಿಡ್ರಿ, ನಸೀಬ,” ಎನ್ನುತ್ತಿದ್ದ ಒಬ್ಬ. ಬೆಂಗಳೂರಿನ ಕ್ಯಾಸೆಟ್ ಕಂಪನಿಯವರು ಬರೆದ ಪತ್ರ ಗಿಟಾರು ಬಾರಿಸುವವನ ಹಳೆಯ ವಿಳಾಸಕ್ಕೆ ಹೋಗಿತ್ತು. ಅವನಿಗೆ ಬೇರೆ ಊರಿಗೆ ವರ್ಗವಾಗಿತ್ತು. ಪತ್ರ ಅವನ ಕೈಗೆ ಸಿಗುವಷ್ಟರಲ್ಲಿ ಕಂಪನಿಯೇ ಮುಚ್ಚಿತ್ತು.

“ಎರಡನೇದಕ್ಕ ಏನಂತೀರಿ? ಟೀವಿಯವ್ರು ಮನೀ ತನಕಾ ಬಂದಿದ್ರು.”

“ಡ್ರಮ್ ಬಾರಿಸಾಂವ ತೀರಿಕೊಂಡಿದ್ದ. ಎಲಿಷಣ್ಣ ಯಾವನೋ ಹೊಸಬನ್ನ ಕರಕೊಂಡ ಬಂದ. ನಾವು ಸುಮ್ನಿರೂದೇನ? ನಲವತ್ತೇಳ ಕಾರ್ಡ ಬರದ್ವಿ. ಹಳೇ ಡ್ರಮ್ಮಿನವ ಇಲ್ಲದ ಗಾಡಿ ನಮ್ಮ ಗಾಡಿ ಅಲ್ಲ ಅಂತ.”

“ಟೀವಿಯವ್ರು ಓಡೇ ಹೋದ್ರು ನೋಡ.”

“ಅಭಿಮಾನ ಅಂದ್ರ ಹಂಗಿರಬೇಕಲೇ!”

ನೋಡಿ, ನಲವತ್ತೇಳು ಕಾರ್ಡು. ಸತ್ತವನ ಮೇಲಿನ ಪ್ರೀತಿಗೆ ಬದುಕಿದ್ದ ಮೂವರ ಬಾಯಿ ಕಟ್ಟಿದ್ದರು. ಅದನ್ನು ಹೆಮ್ಮೆಯಿಂದ ಹೇಳಿಕೊಂಡು ಚಹಾ ಕುಡಿಯುತ್ತಿದ್ದರು.

ಮೂರನೆಯ ಅವಕಾಶದ ಮಾತು ಬಂದರೆ ಗದಿಗೆಪ್ಪ ಮಿರ್ಚಿಯ ತೊಟ್ಟು ಹಿಡಿದು ತಿರುಗಿಸುತ್ತ ಕೂರುತ್ತಿದ್ದ. ಆ ಕಾರ್ಯಕ್ರಮ ವರ್ಕ್‌ಶಾಪಿನ ಸಭಾಂಗಣದಲ್ಲಿ ನಡೆದಿತ್ತು. ಬ್ಯಾಂಡು ಹದಿನೆಂಟು ವರ್ಷದ ಮೇಲೆ ಮತ್ತೆ ವೇದಿಕೆ ಏರಿತ್ತು. ನಾಲ್ಕು ಸಲ ‘ಗೇಟು ಬಿತ್ತ’ ಹಾಡಿ ಎಲಿಷ ಮೈಕು ಬಿಟ್ಟು ಹೋಗಿಬಿಟ್ಟಿದ್ದ. ಹೊಸ ಹಾಡು ಒಂದನ್ನೂ ಹಾಡಲಿಲ್ಲ. “ಧೈರ್ಯ ಸಾಲಲಿಲ್ಲ ಅವಗ,” ಎನ್ನುತ್ತಿದ್ದರು ಎಲ್ಲರೂ. ಗದಿಗೆಪ್ಪ ತಲೆ ಆಡಿಸುತ್ತಿದ್ದ. ಒಂಬತ್ತು ವರ್ಷ, ಪ್ರತಿ ರವಿವಾರ, ತಲೆ ಆಡಿಸಿದ.

ಅವನಿಗೆ ಗೊತ್ತಿದ್ದದ್ದು ಉಳಿದ ಆರು ಜನಕ್ಕೆ ಗೊತ್ತಿರಲಿಲ್ಲ.

ಆ ಕಾರ್ಯಕ್ರಮಕ್ಕೆ ಒಂದು ವಾರ ಮೊದಲು ಎಲಿಷ ಅವನ ಅಂಗಡಿಗೆ ಬಂದಿದ್ದ. ಕೊರಳಿಗೆ ಮಫ್ಲರು. ಸ್ಟೂಲಿನ ಮೇಲೆ ಕೂತು, ಒಣಗಲು ಇಟ್ಟಿದ್ದ ಬೋರ್ಡುಗಳನ್ನು ನೋಡುತ್ತ ಮೆಲ್ಲಗೆ ಹೇಳಿದ: “ಗದಿಗೆಪ್ಪನವರ, ಗಂಟಲ ಆಪರೇಷನ್ ಆಗೇತಿ. ಡಾಕ್ಟರು ಕೂಗಬ್ಯಾಡ ಅಂದಾರ. ‘ಗೇಟು’ ಒಮ್ಮೆ ಹಾಡ್ತೇನಿ, ಮಂದಿ ಸಲುವಾಗಿ. ಆಮ್ಯಾಲೆ ನಾಕ ಹೊಸಾವು ಅದಾವ. ಸಣ್ಣ ದನಿಯಾಗ ಹಾಡೂವಂಥಾವು. ಈ ಹದಿನೆಂಟ ವರ್ಷ ನಾ ಏನ್ ಮಾಡಿದೆ ಅಂದ್ರ ಅವು ನಾಕ ಹಾಡ. ಮಂದಿ ಒನ್ಸ್ ಮೋರ್ ಅಂದ್ರ ನೀವ ತಡೀಬೇಕ. ನಿಮ್ಮ ಮಾತ ಕೇಳ್ತಾರ.”

“ನಾ ಅದೀನಲ್ರೀ ಎಲಿಷಣ್ಣ. ನೀವು ಬರೇ ಹಾಡ್ರಿ,” ಎಂದಿದ್ದ ಗದಿಗೆಪ್ಪ. ಎದೆ ತಟ್ಟಿಕೊಂಡು ಹೇಳಿದ್ದ. ಅಂಗಿಗೆ ಬಣ್ಣ ಮೆತ್ತಿತ್ತು.

ಒನ್ಸ್ ಮೋರ್ ಅಂದರೆ ಏನೆಂದು ನಿಮಗೆ ನಾನು ಹೇಳಬೇಕೇ? ಕಂಪನಿ ನಾಟಕ ನೋಡಿದ ಜನ ನಾವು. ನಮ್ಮ ಕಡೆ ಅದು ಸನ್ಮಾನ. ಶಾಲು ಹೊದಿಸುವುದಕ್ಕಿಂತ ದೊಡ್ಡದು. ಸಾಯುವ ದೃಶ್ಯದಲ್ಲಿ ಹಾಡಿ ಸತ್ತ ನಟ ಕೂಡ ಒನ್ಸ್ ಮೋರ್ ಬಂದರೆ ಎದ್ದು ಕೂತು ಹಾಡಿ ಮತ್ತೆ ಸಾಯಬೇಕು. ಒಲ್ಲೆ ಅಂದರೆ ಸೊಕ್ಕು ಅನ್ನುತ್ತೇವೆ. ಆ ಊರಿನಲ್ಲಿ ಯಾವ ಹಾಡುಗಾರನೂ ಒಲ್ಲೆ ಅಂದದ್ದಿಲ್ಲ.

ಕಾರ್ಯಕ್ರಮದ ದಿನ ಸಭಾಂಗಣ ತುಂಬಿತ್ತು. ಎಲಿಷ ಮೊದಲಿಗೆ ‘ಗೇಟು ಬಿತ್ತ’ ಹಾಡಿದ. ದನಿ ಇಳಿದಿತ್ತು, ಆದರೂ ಕೊನೆಯ ಕೂಗು ಬಂತು. ಮೊದಲಿನಷ್ಟು ಉದ್ದವಿಲ್ಲ, ಮೊದಲಿನಷ್ಟು ಎತ್ತರವಿಲ್ಲ, ಆದರೆ ಬಂತು. ಗದಿಗೆಪ್ಪನ ಮೈಮೇಲೆ ಕೂದಲು ನಿಂತವು. ಅವನಿಗೆ ಮತ್ತೆ ಇಪ್ಪತ್ತೆರಡು ವರ್ಷವಾಯಿತು. ಹೆಂಡತಿ ಇಲ್ಲ, ಮಕ್ಕಳಿಲ್ಲ, ಮಂಡಿನೋವಿಲ್ಲ. ಎದ್ದು ನಿಂತು ಜನರತ್ತ ತಿರುಗಿ ಕೈ ಎತ್ತಬೇಕಿತ್ತಲ್ಲ? ಎದ್ದು ನಿಂತ. ವೇದಿಕೆಯತ್ತ ತಿರುಗಿಯೇ ನಿಂತ. ಬಾಯಿ ತೆರೆಯಿತು.

“ಒನ್ಸ್ ಮೋರ್!”

ಮೊದಲ ಕೂಗು ಅವನದೇ. ಹಿಂದಿನಿಂದ ಇಡೀ ಸಭಾಂಗಣವೇ ಕೂಗಿತು. ಯಾರೋ ಅವನ ಬೆನ್ನು ತಟ್ಟಿದರು. “ಭೇಷ್, ಅಧ್ಯಕ್ಷರ!”

ಎಲಿಷ ಇನ್ನೊಮ್ಮೆ ಹಾಡಿದ. ಮತ್ತೆ ಒನ್ಸ್ ಮೋರ್. ಇಲ್ಲಿ ಸ್ವಲ್ಪ ನಿಲ್ಲೋಣ. ಮೊದಲನೆಯದು ಬಾಯಿ ತಪ್ಪಿ ಬಂತು ಎನ್ನೋಣ. ಎರಡನೆಯದಕ್ಕೆ ಗದಿಗೆಪ್ಪನಿಗೆ ಮಾತು ಕೊಟ್ಟದ್ದು ನೆನಪಾಗಿತ್ತು. ಸರಿಯಾಗಿ ನೆನಪಾಗಿತ್ತು. ಮಫ್ಲರು, ಸ್ಟೂಲು, ಒಣಗದ ಬೋರ್ಡು, ಎಲ್ಲ. ಇದೊಂದು ಸಲ, ಆಮೇಲೆ ತಡೆಯುತ್ತೇನೆ ಎಂದುಕೊಂಡ. ಮೂರನೆಯ ಸಲವೂ ಹಾಗೇ ಅಂದುಕೊಂಡ. ಯಾಕೆ? ಖುಷಿಯಾಗುತ್ತಿತ್ತು, ಅದಕ್ಕೆ. ಬೇರೆ ಕಾರಣವಿಲ್ಲ. ಮೂರನೆಯ ಸಲ ಹಾಡು ಎತ್ತಿಕೊಳ್ಳುವಾಗ ಎಲಿಷ ಮುಂದಿನ ಸಾಲಿನ ನಡುವಿನ ಕುರ್ಚಿಯನ್ನು ನೋಡಿದ. ಗದಿಗೆಪ್ಪ ಚಪ್ಪಾಳೆ ತಟ್ಟುತ್ತಿದ್ದ.

ನಾಲ್ಕನೆಯ ಸಲ ಕೂಗಿನ ಜಾಗದಲ್ಲಿ ಹಳೆಯ ಬಟ್ಟೆ ಹರಿದ ಸದ್ದಾಯಿತು. ಆಮೇಲೆ ಏನೂ ಇಲ್ಲ. ಎಲಿಷ ಮೈಕನ್ನು ಸ್ಟ್ಯಾಂಡಿಗೆ ಸಿಕ್ಕಿಸಿ, ಕೈ ಮುಗಿದು, ಒಳಗೆ ಹೋದ. ಜನ ಸ್ವಲ್ಪ ಹೊತ್ತು ಕಾದರು. “ಸೊಕ್ಕ ನೋಡ,” ಎಂದ ಒಬ್ಬ. “ಸೊಕ್ಕಲ್ಲಪಾ, ಹೆದರ್ಯಾನ. ಧೈರ್ಯ ಇಲ್ಲ,” ಎಂದ ಇನ್ನೊಬ್ಬ. ಆ ಎರಡನೆಯ ಮಾತು ಗದಿಗೆಪ್ಪನಿಗೆ ಹಿಡಿಸಿತು. ಹಿಡಿಸದೆ ಇರುತ್ತದೆಯೇ? ಅದನ್ನೇ ಎತ್ತಿಟ್ಟುಕೊಂಡು ಮನೆಗೆ ಹೋದ.

ಒಂಬತ್ತು ವರ್ಷದ ಮೇಲೆ ಬಳಗದವರು ಒಂದು ಸ್ಮರಣ ಸಂಚಿಕೆ ತರಬೇಕೆಂದರು. ಮೂರನೆಯ ಅವಕಾಶದ ಬಗ್ಗೆ ಅಧ್ಯಕ್ಷರೇ ಬರೆಯಬೇಕು, ಹಾಡುಗಾರನ ಒಂದು ಫೋಟೋ ಅಧ್ಯಕ್ಷರೇ ತರಬೇಕು. ಗದಿಗೆಪ್ಪ ಒಂದು ಹಾಳೆ ಬರೆದ. ಅದರಲ್ಲಿ ಹೀಗಿತ್ತು: ‘ಆ ಶನಿವಾರ ಹಾಡುಗಾರನು ಧೈರ್ಯಗುಂದಿ ವೇದಿಕೆಯನ್ನು ತ್ಯಜಿಸಿದ್ದು ಅಭಿಮಾನಿಗಳ ದುರ್ದೈವ.’ ಹಾಳೆ ಮಡಚಿ ಜೇಬಿನಲ್ಲಿಟ್ಟುಕೊಂಡು ಫೋಟೋ ಕೇಳಲು ಎಲಿಷನ ಮನೆಗೆ ಹೋದ.

ಬಾಗಿಲು ತೆರೆದದ್ದು ಎಲಿಷನ ಹೆಂಡತಿ. ಅವನನ್ನು ನೋಡಿ ಒಳಗೆ ಕೂಗಿದಳು. “ಇಲ್ಲೆ ಬರ್ರಿ, ಅಭಿಮಾನಿಗಳು ಬಂದಾರ. ಕುರ್ಚಿ ಮುಂದಿನ ಸಾಲಿನ್ಯಾಗ ಹಾಕ್ಲೋ, ಹಿಂದ ಹಾಕ್ಲೋ?”

ಎಲಿಷ ಹಾರ್ಮೋನಿಯಂ ರಿಪೇರಿ ಮಾಡುತ್ತಿದ್ದ. ಮಾತು ಗಾಳಿಯಂತೆ ಬರುತ್ತಿತ್ತು, ಬಗ್ಗಿ ಕೇಳಬೇಕು. ಫೋಟೋ ಕೊಟ್ಟ. ಜೇಬಿನ ಹಾಳೆ ನೋಡಿ, “ಏನ ಬರದೀರಿ, ಕೊಡ್ರಿ,” ಎಂದ. ಕೊಡದಿರಲು ಗದಿಗೆಪ್ಪನಿಗೆ ನೆಪ ಸಿಗಲಿಲ್ಲ.

ಎಲಿಷ ಕನ್ನಡಕ ಹಾಕಿಕೊಂಡು ಪೂರ್ತಿ ಓದಿದ. ಕಿವಿಯ ಮೇಲಿನ ಪೆನ್ಸಿಲ್ ತೆಗೆದು ಒಂದೇ ಒಂದು ಕಡೆ ತಿದ್ದಿದ. “ದಿನಾ ತಪ್ಪೇತಿ. ಶನಿವಾರ ಅಲ್ಲ, ರವಿವಾರ.” ಹಾಳೆ ವಾಪಸು ಕೊಟ್ಟ.

“ಉಳಿದದ್ದು?”

“ಇರಲಿ. ಮಂದಿ ಹಂಗ ತಿಳಕೊಂಡಾರ.”

ಗದಿಗೆಪ್ಪನಿಗೆ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ. ಬೈದಿದ್ದರೆ ಎದ್ದು ಬರಬಹುದಿತ್ತು. ಬಾಗಿಲು ಹಾಕಿದ್ದರೆ ರವಿವಾರದ ಚಹಾಕ್ಕೆ ಒಂದು ಮಾತಾಗುತ್ತಿತ್ತು. ಈ ಮನುಷ್ಯ ದಿನ ತಿದ್ದಿ ಕೊಟ್ಟಿದ್ದ.

“ಎಲಿಷಣ್ಣ, ಅವತ್ತ ಮದಲ ಕೂಗಿದಾಂವ ನಾನ.”

“ಗೊತ್ತೇತ್ರಿ.”

“ಹೆಂಗ?”

“ನಿಮ್ಮ ದನಿ ನನಗ ಗೊತ್ತಿಲ್ಲೇನು? ಹರೇದಾಗಿಂದ ಕೇಳೇನಿ. ಸ್ಟೇಜಿನ ಮ್ಯಾಲ ಕಣ್ಣಿಗೆ ಲೈಟ ಹೊಡದಾಗ ಮಂದಿ ಕಾಣೂದಿಲ್ಲ. ನಿಮ್ಮ ದನಿ ಕೇಳಿ, ಹಾಂ, ನಮ್ಮವರ ಅದಾರ ಅಂತ ಹಾಡತಿದ್ದೆ.”

ಇದಕ್ಕೆ ಏನು ಹೇಳುತ್ತೀರಿ? ಗದಿಗೆಪ್ಪ ಹಾಳೆ ಮಡಚಿ ಜೇಬಿಗೆ ಹಾಕಿಕೊಂಡ. “ಆ ನಾಕ ಹಾಡ?” ಎಂದ.

ಎಲಿಷ ತನ್ನ ಕೊರಳನ್ನು ತೋರಿಸಿ ಕೈ ಅಲ್ಲಾಡಿಸಿದ. ಉತ್ತರ ಹೆಂಡತಿಯಿಂದ ಬಂತು. “ನಾ ಕೇಳೇನ್ರಿ. ಅಡಿಗಿ ಮನ್ಯಾಗ ಕುಂತ ಕೇಳೇನಿ. ಒಂಬತ್ತ ವರ್ಷದಾಗ ಅವು ಏನಾದವು ಅಂತ ವಿಚಾರಿಸಿದವ್ರು ನೀವ ಮದಲನೇದವ್ರು. ಚಹಾ ಕುಡದ ಹೋಗ್ರಿ.”

ಮುಂದಿನ ರವಿವಾರ ಗದಿಗೆಪ್ಪ ಬೇರೆ ಹಾಳೆ ತಂದ. ‘ಮೊದಲು ಒನ್ಸ್ ಮೋರ್ ಕೂಗಿದವನು ನಾನು’ ಎಂದು ಶುರುವಾಗುತ್ತಿತ್ತು. ಗಟ್ಟಿಯಾಗಿ ಓದಿದ. ಒಬ್ಬ ನಕ್ಕ. “ಹೋಗ್ಲಿ ಬಿಡ ಮಾರಾಯ, ನಾವೆಲ್ಲಾರೂ ಕೂಗೇವಿ. ಯಾರ ಮದಲು, ಯಾರ ಹಿಂದ ಅಂತ ಎಣಿಸೂದೇನ?”

“ಬಳಗದ ಮರ್ಯಾದಿ ಹೋಗತೇತಿ,” ಎಂದ ಇನ್ನೊಬ್ಬ.

“ನಿಮಗ ಗೊತ್ತಿದ್ದಿಲ್ಲ,” ಎಂದ ಗದಿಗೆಪ್ಪ. “ಎಲಿಷಣ್ಣ ವಾರ ಮದಲ ನನ್ನ ಅಂಗಡೀಗೆ ಬಂದ ಹೇಳಿದ್ದ, ಗಂಟಲ ಆಪರೇಷನ್ ಆಗೇತಿ, ಒನ್ಸ್ ಮೋರ್ ತಡೀರಿ ಅಂತ. ನನಗ ಗೊತ್ತಿತ್ತು.”

ಸಂಚಿಕೆ ಅಚ್ಚಾಯಿತೋ ಇಲ್ಲವೋ ನಮಗೆ ಬೇಡ. ಆ ನಾಲ್ಕು ಹಾಡುಗಳನ್ನು ಆ ಊರು ಕೇಳಲಿಲ್ಲ. ಇನ್ನು ಕೇಳುವುದೂ ಇಲ್ಲ. ತಪ್ಪು ಒಪ್ಪಿಕೊಂಡರೆ ದನಿ ವಾಪಸು ಬರುತ್ತದೆ ಎಂದು ನಾನು ನಿಮಗೆ ಸುಳ್ಳು ಹೇಳಲಾರೆ.

ಈಗ ನಮ್ಮ ಮಾತಿಗೆ ಬರೋಣ. ಪ್ರತಿ ರವಿವಾರ ನಾವು ಇಲ್ಲಿ ಮೊಣಕಾಲೂರಿ, ದೇವರೇ, ನನ್ನ ಹಳೆಯದನ್ನು ಮರೆತುಬಿಡು ಎಂದು ಕೇಳುತ್ತೇವೆ. ಹೌದಲ್ಲ? ದೇವರು ನಮ್ಮನ್ನು ಎಬ್ಬಿಸಿ ನಿಲ್ಲಿಸಿ, ಅದನ್ನೇ ಇನ್ನೊಮ್ಮೆ ತೋರಿಸು ಎಂದರೆ ಹೇಗಿರುತ್ತದೆ? ಎಲ್ಲರ ಮುಂದೆ? ಚಪ್ಪಾಳೆ ತಟ್ಟುತ್ತ?

ನಾವು ಹಾಗೆ ಮಾಡುತ್ತೇವೆ. ಈ ಸಭೆಯವರೇ ಮಾಡಿದ್ದೇವೆ. ಕುಡಿತ ಬಿಟ್ಟು ಒಂದೂವರೆ ವರ್ಷವಾದ ಒಬ್ಬರು ನಮ್ಮ ನಡುವೆ ಇದ್ದಾರೆ. ಅವರ ಒಪ್ಪಿಗೆ ಪಡೆದೇ ಹೇಳುತ್ತಿದ್ದೇನೆ. ಹೋದ ತಿಂಗಳು ನಿಶ್ಚಿತಾರ್ಥದ ಊಟದಲ್ಲಿ ಎಲೆಯ ಮುಂದೆ ಕೂತಿದ್ದ ಅವರನ್ನು, “ಅಣ್ಣಾ, ಕುಡದು ಪೊಲೀಸ್ ಜೀಪಿಗೆ ಸೆಲ್ಯೂಟ್ ಹೊಡದಿದ್ದು ಹೇಳ್ರಿ, ಮಾಡಿ ತೋರಿಸ್ರಿ,” ಎಂದು ಕೇಳಿದೆವು. ಪ್ರೀತಿಯಿಂದಲೇ ಕೇಳಿದೆವು. ಅವರು ಎದ್ದು ಮಾಡಿ ತೋರಿಸಿದರು. ಮತ್ತೊಮ್ಮೆ ಅಂದೆವು, ಮತ್ತೊಮ್ಮೆ ಮಾಡಿದರು. ನಾನೂ ಆ ಪಂಕ್ತಿಯಲ್ಲಿದ್ದೆ. ನಾನೂ ನಕ್ಕೆ. ಅವರು ಪಾಯಸ ಬರುವ ಮೊದಲೇ ಎದ್ದು ಹೋದದ್ದನ್ನು ಎಷ್ಟು ಜನ ಗಮನಿಸಿದಿರಿ?

ಗಂಡನ ಮನೆಯಿಂದ ವಾಪಸು ಬಂದ ಹೆಣ್ಣುಮಗಳು ಈಗ ಹೊಲಿಗೆ ಕಲಿಸುತ್ತಾಳೆ. ನಾವು ಕೇಳುವುದು, “ಅಲ್ಲೆ ಏನಾಗಿತ್ತವಾ?” ಪರೀಕ್ಷೆಯಲ್ಲಿ ನಪಾಸಾಗಿದ್ದವನು ಈಗ ಪಂಪು ರಿಪೇರಿಯಲ್ಲಿ ಎತ್ತಿದ ಕೈ. ನಾವು ಕೇಳುವುದು, “ಎಷ್ಟ ಸಲ ಕುಂತಿದ್ದೆಪಾ?” ಅವರು ಹೊಸದನ್ನು ಹಿಡಿದುಕೊಂಡು ನಮ್ಮ ಮುಂದೆ ನಿಂತಿರುತ್ತಾರೆ. ನಮ್ಮ ಬಾಯಿ ಮೊದಲು ತೆರೆಯುತ್ತದೆ.

ನಾಳೆಯಿಂದ ಎನ್ನಬೇಡಿ. ಪ್ರಾರ್ಥನೆ ಮುಗಿದು ಹೊರಗೆ ಚಹಾಕ್ಕೆ ನಿಂತ ಕೂಡಲೇ ಮಾಡಿ. ಕುಡಿತ ಬಿಟ್ಟ ಆ ಅಣ್ಣನ ಹತ್ತಿರ ಹೋಗಿ. ಜೀಪಿನ ಮಾತು ತೆಗೆಯಬೇಡಿ, ಎಷ್ಟು ಬದಲಾದಿರಿ ಎಂದು ಹೊಗಳುವ ನೆಪದಲ್ಲೂ ತೆಗೆಯಬೇಡಿ. ಈಗ ಏನು ಮಾಡುತ್ತಿದ್ದೀರಿ ಎಂದು ಕೇಳಿ. ಅವರು ಶಾಲೆಯ ಹಿತ್ತಲಿನಲ್ಲಿ ಮೂವತ್ತು ಬಗೆಯ ದಾಸವಾಳ ಬೆಳೆಸಿದ್ದಾರೆ. ಮೊನ್ನೆಯವರೆಗೆ ನನಗೂ ಗೊತ್ತಿರಲಿಲ್ಲ, ಯಾಕೆಂದರೆ ನಾನೂ ಕೇಳಿರಲಿಲ್ಲ. ಮಾತಾಡುವಾಗ ಅವರು ಸ್ವಲ್ಪ ತಡವರಿಸುತ್ತಾರೆ, ನಡುವೆ ನಿಲ್ಲಿಸುತ್ತಾರೆ, ಹೂವಿನ ಬಣ್ಣ ಹೇಳಲು ಹೊತ್ತು ತೆಗೆದುಕೊಳ್ಳುತ್ತಾರೆ. ನೀವು ಬಾಯಿ ಹಾಕಬೇಡಿ. ಮೂವತ್ತೂ ಮುಗಿಯುವವರೆಗೆ ನಿಲ್ಲಿ. ಕೈಯಲ್ಲಿದ್ದ ಚಹಾ ಆರಿದರೆ ಆರಲಿ.