ಐವತ್ನಾಲ್ಕು ಕಾರ್ಡುಗಳಲ್ಲಿ ಗುರುತು ಸಿಕ್ಕ ಮೂವತ್ತೊಂದು ಮುಖಗಳ ಕುರಿತು

ಹೆಸರು: ಜಿನಮತಿ, ಗಂಡ ದಿವಂಗತ ಜಿನಪ್ಪ ಮಗದುಮ. ವಯಸ್ಸು: 54. ಉದ್ಯೋಗ: ಲಗ್ನಪತ್ರಿಕೆ ಛಾಪಖಾನೆ, ಸ್ವಂತದ್ದು. ವಾಸ: ಛಾಪಖಾನೆಯ ಮೇಲಿನ ಮಹಡಿ, ಸ್ಟೇಷನ್ ರಸ್ತೆ, ಮಿರಜ. ಮೂಲ ಊರು: ಕಸಬೆ ಡಿಗ್ರಜ.

ನಾನು ಇಂದು ಮುಂಜಾನೆ 10-20ಕ್ಕೆ ಯಾರೂ ಕರೆಯದೆ ಠಾಣೆಗೆ ಬಂದು, ಕನ್ನಡ ಬಲ್ಲ ಹವಾಲ್ದಾರ ಶಿವಲಿಂಗಪ್ಪ ಅವರ ಮುಂದೆ ಕುಳಿತು ಹೇಳಿ ಬರೆಸುವುದು ಏನೆಂದರೆ, ಶನಿವಾರ ದಿನಾಂಕ 11-10-2003ರಂದು ನನ್ನ ಛಾಪಖಾನೆಯ ಕೆಲಸದವಳಾದ ಶುಭಾಂಗಿ ಹುಲಿಗೆಪ್ಪ ಹೊಸಮನಿ, ವಯಸ್ಸು 22, ಇವಳು 54 ಚಿತ್ರ ಕದ್ದಳೆಂದು ಫಿರ್ಯಾದಿ ಕೊಟ್ಟವಳು ನಾನೇ. ಆ ಫಿರ್ಯಾದಿ ಸುಳ್ಳು. ಚಿತ್ರ ಬರೆದವಳು ಅವಳೇ. ಅವಳ ಮೇಲೆ ಖಟ್ಲೆ ನಡೆಯಬಾರದೆಂದು ಈ ಎರಡನೆಯ ಜಬಾಬು ಕೊಡುತ್ತಿದ್ದೇನೆ. ಶನಿವಾರದ್ದು ಮರಾಠಿಯಲ್ಲಿತ್ತು. ಮರಾಠಿ ನನಗೆ ವ್ಯಾಪಾರದ ಭಾಷೆ, ಅದರಲ್ಲಿ ನಾನು ಏನು ಬೇಕಾದರೂ ಹೇಳಬಲ್ಲೆ. ಆದ್ದರಿಂದ ಇದನ್ನು ಕನ್ನಡದಲ್ಲಿ ಹೇಳುತ್ತಿದ್ದೇನೆ.

ಗಂಡ ತೀರಿಕೊಂಡದ್ದು 1984ರಲ್ಲಿ. ಆಗ ನಾನು ಮಂದಿಯ ಲಗ್ನಪತ್ರಿಕೆ ಮಡಚುತ್ತಿದ್ದೆ. 1992ರಲ್ಲಿ, ನನ್ನಿಂದ ಮಡಚಿಸಿಕೊಳ್ಳುತ್ತಿದ್ದವರ ಯಂತ್ರವನ್ನೇ ಕೊಂಡೆ. ಈಗ ಸಾಂಗಲಿ, ಮಿರಜ ಕೂಡಿ ಮಹಾನಗರಪಾಲಿಕೆ ಆಗಿದೆ. ನಡುವಿನ ಹೊಲಗಳಲ್ಲೆಲ್ಲ ಅಪಾರ್ಟ್‌ಮೆಂಟು, ಲಗ್ನ ನಡೆಯುವ ಮಂಗಲ ಕಾರ್ಯಾಲಯ. ಕಾರ್ಯಾಲಯ ಹೆಚ್ಚಿದಷ್ಟೂ ಪತ್ರಿಕೆ ಕಡಿಮೆಯಾಗಿದೆ. ಮಂದಿ ಫೋನಿನಲ್ಲೇ ಕರೆಯುತ್ತಾರೆ, ಉಣ್ಣುವವರು ಪತ್ರಿಕೆ ಇಲ್ಲದೆಯೂ ಬರುತ್ತಾರೆ.

ಶುಭಾಂಗಿ 1999ರ ಜೂನ್‌ನಲ್ಲಿ ಪತ್ರಿಕೆ ಮಡಚಿ ದಾರ ಕಟ್ಟುವ ಕೆಲಸಕ್ಕೆ ಬಂದಳು. ಅವಳ ತಂದೆ ಹುಲಿಗೆಪ್ಪ ಬಾಗಲಕೋಟೆ ಕಡೆಯವನು, ಅಪಾರ್ಟ್‌ಮೆಂಟುಗಳ ಗೋಡೆಗೆ ಸಿಮೆಂಟಿನ ಗಿಲಾವ ಮಾಡುವ ಗೌಂಡಿ. ತಾಯಿ ಕೆಂಪವ್ವ ಅದೇ ಕೆಲಸದಲ್ಲಿ ಬುಟ್ಟಿ ಹೊರುತ್ತಾಳೆ. ಹುಡುಗಿ ಕೆಟ್ಟ ಪತ್ರಿಕೆಗಳ ಹಿಂಬದಿಯಲ್ಲಿ ಚಿತ್ರ ಬರೆಯುತ್ತಿದ್ದುದನ್ನು ನಾನು ನಾಲ್ಕು ವರ್ಷ ನೋಡಿದ್ದೇನೆ. ರದ್ದಿ ಕಾಗದ ಆದದ್ದರಿಂದ ಬೈಯಲಿಲ್ಲ.

ನನ್ನ ಮಗ ಕುಣಾಲ, ವಯಸ್ಸು 27, ಪುಣೆಯಲ್ಲಿ ಡಿಪ್ಲೊಮಾ ಮುಗಿಸಿ 2003ರ ಮಾರ್ಚ್‌ನಲ್ಲಿ ಹಿಂದಿರುಗಿ, ಅಲ್ಲಿಯ ಒಂದು ಆಟಿಕೆ ಕಂಪನಿಯ ಕೆಲಸ ಹಿಡಿದು ತಂದ. ಅದು ಇಬ್ಬರು ಎದುರುಬದುರು ಕುಳಿತು ಆಡುವ ಕಾರ್ಡಿನ ಆಟ. ಪ್ರತಿ ಕಾರ್ಡಿನ ಮೇಲೆ ಒಬ್ಬ ವೀರನೋ ಮಾಂತ್ರಿಕನೋ ಇರುತ್ತಾನೆ, ಕೆಳಗೆ ಹೊಡೆಯುವ ಬಲ, ತಡೆಯುವ ಬಲ ಎಂದು ಎರಡು ಅಂಕಿ. ಮಕ್ಕಳು ಪಾಕೀಟು ಕೊಂಡು, ಬೇಡವಾದ ಕಾರ್ಡನ್ನು ಗೆಳೆಯರೊಡನೆ ಅದಲುಬದಲು ಮಾಡುತ್ತಾರೆ. ಮೊದಲ ಕಂತಿನಲ್ಲಿ ಎಲ್ಲರೂ ವಿಲಾಯತಿ ಸರದಾರರು. ಎರಡನೆಯ ಕಂತಿಗೆ ‘ಪೂರ್ವದ್ವಾರ’ ಎಂದು ಹೆಸರು. ಚೀನ, ಜಪಾನ, ಪರ್ಷಿಯಾ, ಬ್ರಹ್ಮದೇಶ ಹೀಗೆ ಏಷ್ಯಾದ್ದೆಲ್ಲ ಸೇರಿ 54 ಕಾರ್ಡು. ಚಿತ್ರ ಮತ್ತು ನಿಯಮ ಎರಡನ್ನೂ ಅಕ್ಟೋಬರ್ 15ರೊಳಗೆ ನಮ್ಮ ಛಾಪಖಾನೆ ಮಾಡಿಕೊಡಬೇಕು ಎಂದು ಮಾತು.

ಕುಣಾಲ ಗ್ರಂಥಾಲಯದ ಪುಸ್ತಕ ನೋಡಿ ಹನ್ನೆರಡು ಚಿತ್ರ ಬರೆದು ಕಳಿಸಿದ. ಜೂನ್ 20ರಂದು ಕಂಪನಿಯ ತುಷಾರ ಎಂಬವರು ಫೋನ್ ಮಾಡಿ, ಒಬ್ಬನೇ ಮನುಷ್ಯನ ಹನ್ನೆರಡು ಫೋಟೋ ಯಾಕೆ ಕಳಿಸಿದ್ದೀರಿ ಎಂದು ಕೇಳಿದರು. ಟೋಪಿ ಬದಲಿಸಿದರೆ ದೇಶ ಬದಲಾಗುತ್ತದೆ ಎಂದು ನನ್ನ ಮಗನ ತಿಳುವಳಿಕೆ.

ಜೂನ್ 23, ಸೋಮವಾರ ಮಧ್ಯಾಹ್ನ 3ಕ್ಕೆ ಶುಭಾಂಗಿ ದಾರ ಕಟ್ಟುತ್ತ ಕುಳಿತಲ್ಲಿಂದಲೇ ಕುಣಾಲನ ಚಿತ್ರಗಳನ್ನು ನೋಡಿ ನನಗೆ, ‘ಮಾವಶಿ, ಈ ರಾಜಾಗ ಅಡಗಿ ಮಾಡಿ ಹಾಕಾಕಿ ಯಾರ್ರಿ? ಇವನ ಸಾಮಾನ ಹೊರಾವ ಯಾರು? ಬರೇ ರಾಜರನ್ನ ಬಿಟ್ರ ಎರಡ ದಿನದಾಗ ಉಪಾಸ ಸಾಯ್ತಾರ’ ಎಂದಳು. ಕುಣಾಲ ನಕ್ಕು, ಹಾಗಾದರೆ ನೀನೇ ಬರಿ ಎಂದ. ಅವಳು ಬರೆದಳು. ಜೂನ್‌ನಿಂದ ಅಕ್ಟೋಬರ್‌ವರೆಗೆ ದಿನಾಲು ಮುಂಜಾನೆ 8ರಿಂದ 9-20ರವರೆಗೆ 650 ಮೀಟರ್ ದೂರದ ರೈಲ್ವೆ ಸ್ಟೇಷನ್ನಿನಲ್ಲಿ ಕುಳಿತು ಮುಖ ನೋಡಿ ಬರುತ್ತಿದ್ದಳು. 9-30ಕ್ಕೆ ಬರಬೇಕಾದವಳು 9-40ಕ್ಕೆ ಬಂದ ದಿನ ಅರ್ಧ ದಿನದ ಪಗಾರ ಕತ್ತರಿಸಿದ್ದೇನೆ. ಅಂಥವು ಏಳು ದಿನ.

ನಿಯಮಗಳನ್ನೂ ಅವಳೇ ಕಟ್ಟಿದಳು. ರಾಜನ ಮಗ್ಗುಲಲ್ಲಿ ಹೊರೆಯಾಳಿನ ಕಾರ್ಡು ಇದ್ದರೆ ಮಾತ್ರ ರಾಜನ ಬಲ ನಡೆಯುತ್ತದೆ. ಹೊರೆಯಾಳು ಎದ್ದು ಹೋದರೆ ರಾಜನ ಎರಡೂ ಅಂಕಿ ಸೊನ್ನೆ. ಇದನ್ನು ಕುಣಾಲ ಮೊದಲು ಒಪ್ಪಲಿಲ್ಲ, ಬೇರೆ ಹೊಳೆಯದೆ ಅದನ್ನೇ ಕಂಪನಿಗೆ ಕಳಿಸಿದ. ತುಷಾರ ಅವರು ಫೋನಿನಲ್ಲಿ, ಇಡೀ ಕಂತು ಇದೊಂದು ನಿಯಮದ ಮೇಲೆ ನಿಲ್ಲುತ್ತದೆ, ಕುಣಾಲರಾವ್ ನಿಮ್ಮ ತಲೆಯೇ ತಲೆ ಎಂದರು. ಕುಣಾಲ ಥ್ಯಾಂಕ್ಸ್ ಎಂದ. ನಾನು ಪಕ್ಕದಲ್ಲೇ ಇದ್ದೆ. ಪತ್ರಿಕೆ ಎಣಿಸುವುದನ್ನು ಮುಂದುವರಿಸಿದೆ.

ಅಕ್ಟೋಬರ್ 10, ಶುಕ್ರವಾರ ಸಂಜೆ 4-10ಕ್ಕೆ 54 ಕಾರ್ಡುಗಳ ಮಾದರಿ ಪ್ರತಿಗಳನ್ನು ನಾನು ಮೊದಲ ಸಲ ಒಂದೊಂದಾಗಿ ನೋಡಿದೆ. 40ನೆಯ ಕಾರ್ಡು ‘ಬ್ರಹ್ಮದೇಶದ ಸುಂಕದಕಟ್ಟೆ ಒಡತಿ’. ಹೊಡೆಯುವ ಬಲ 2, ತಡೆಯುವ ಬಲ 9. ಕೆಳಗಿನ ನಿಯಮದಲ್ಲಿ, ಇವಳ ಮುಂದೆ ಹಾಯುವವರು ಒಂದು ಕಾರ್ಡು ಕಳೆದುಕೊಳ್ಳಬೇಕು, ಅವಳ ಸ್ವಂತ ಪಕ್ಷದವರಿಗೂ ರಿಯಾಯಿತಿ ಇಲ್ಲ ಎಂದಿತ್ತು. ಮುಖ ನನ್ನದು. ಎಡಗಡೆಯ ಹುಬ್ಬಿನ ಮೇಲೆ, ಯಂತ್ರದ ಹಿಡಿ ಬಡಿದು ಆದ ಗಾಯದ ಗುರುತು ಸಹ ಇತ್ತು. ನಾನು ಕಾರ್ಡನ್ನು ತಿರುಗಿ ಕಟ್ಟಿನೊಳಗೆ ಸೇರಿಸಿಟ್ಟೆ.

ನಾವು ಜೈನರು ಹೊತ್ತು ಮುಳುಗುವ ಮುಂಚೆ ಉಣ್ಣುವವರಾದ್ದರಿಂದ 5-20ಕ್ಕೆ ನಾನು ಮೇಲೆ ಹೋದೆ. ಊಟಕ್ಕೆ ಕುಳಿತಾಗ ಕೆಳಗಿನ ಮಾತು ಕೇಳಿತು. ಕಾರ್ಡು ತುಂಬುವ ಡಬ್ಬಿಯ ಹಿಂದೆ ಸಣ್ಣ ಅಕ್ಷರದಲ್ಲಿ ತನ್ನ ಹೆಸರು ಹಾಕಬೇಕೆಂದು ಶುಭಾಂಗಿ ಕೇಳಿದಳು. ಕಂಪನಿಗೆ ತನ್ನದೊಂದೇ ಹೆಸರು ಕೊಟ್ಟಾಗಿದೆ, ಪತ್ರಿಕೆ ಮಡಚುವವಳ ಹೆಸರು ಹಾಕಿದರೆ ಪುಣೆಯಲ್ಲಿ ನಗುತ್ತಾರೆ ಎಂದು ಕುಣಾಲ ಹೇಳಿದ. ‘ಹಂಗಾರ ನಗೂದು ಬ್ಯಾಡ, ನನ್ನ ಚಿತ್ರಾ ನಾ ಒಯ್ತೇನಿ’ ಎಂದಳು. 5-45ಕ್ಕೆ ಅವಳು ಮೂಲ ಚಿತ್ರಗಳನ್ನು ಹಸಿರು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿಕೊಂಡು ಮುಂಬಾಗಿಲಿನಿಂದಲೇ ಹೋದದ್ದನ್ನು ನಾನು ಕಿಟಕಿಯಿಂದ ನೋಡಿದೆ. ಓಡಲಿಲ್ಲ. ರಸ್ತೆ ದಾಟುವ ಮುಂಚೆ ಎರಡೂ ಕಡೆ ನೋಡಿ ದಾಟಿದಳು.

ಅಕ್ಟೋಬರ್ 11, ಶನಿವಾರ 9-15ಕ್ಕೆ ಕುಣಾಲ ನನ್ನ ಛಾಪಖಾನೆಯ ಹೆಸರಿರುವ ಕಾಗದದ ಮೇಲೆ ಫಿರ್ಯಾದಿ ಟೈಪ್ ಮಾಡಿ ತಂದ. ಅದರಲ್ಲಿ ಚಿತ್ರಗಳು ಅವನವು, ಹುಡುಗಿ ಕದ್ದು ಓಡಿದ್ದಾಳೆ ಎಂದಿತ್ತು. ನಾನು ಸಹಿ ಮಾಡಿದೆ. ಓದದೆ ಸಹಿ ಮಾಡಿದೆನೆಂದು ಹೇಳಿದರೆ ನನಗೆ ಅನುಕೂಲ. ಆದರೆ ಓದದೆ ಸಹಿ ಮಾಡುವ ಹೆಂಗಸು ನಾನಲ್ಲ. ಎರಡು ಸಲ ಓದಿದೆ. ಓದುವಾಗ ನನ್ನ ಕಣ್ಣ ಮುಂದೆ ಇದ್ದದ್ದು 40ನೆಯ ಕಾರ್ಡು.

ಫಿರ್ಯಾದಿ ಕೊಟ್ಟು ನಾನು ಠಾಣೆಯಲ್ಲಿದ್ದಾಗಲೇ, 11-15ಕ್ಕೆ ಪೊಲೀಸರು ಶುಭಾಂಗಿಯನ್ನು ಕರೆತಂದರು. ಚೀಲ ಜಪ್ತಿ ಆಯಿತು. ಸಂಜೆ 5-30ಕ್ಕೆ, ಕರೆದಾಗ ಬರಬೇಕೆಂದು ಹೇಳಿ ಮನೆಗೆ ಬಿಡುವವರೆಗೆ ಅವಳು ಹೊರಗಿನ ಬೆಂಚಿನ ಮೇಲೆ ಕುಳಿತಿದ್ದಳು. ಹುಲಿಗೆಪ್ಪ ಮೈಮೇಲೆ ಸಿಮೆಂಟು ಇದ್ದಂತೆಯೇ ಬಂದ. ನನ್ನನ್ನು ನೋಡಿ ಕೈ ಮುಗಿದು, ‘ಅಕ್ಕಾರ, ನಾ ಗಿಲಾವ ಮಾಡಿದ್ದು ಹದಿನಾಲ್ಕ ಬಿಲ್ಡಿಂಗ್ ಅದಾವು. ಒಂದರ ಮ್ಯಾಲರೆ ನನ್ನ ಹೆಸರ ಐತೇನ್ರಿ? ಆಕಿಗೂ ಅದ ಹೇಳಿದೆ, ಕೇಳಲಿಲ್ಲ’ ಎಂದ.

ಅಕ್ಟೋಬರ್ 12, ಭಾನುವಾರ 11ಕ್ಕೆ ಮಾದರಿ ಪ್ರತಿಗಳನ್ನು ಮುಂದಿಟ್ಟುಕೊಂಡು ಕುಣಾಲನನ್ನು ಕೂರಿಸಿದೆ. 17ನೆಯ ಕಾರ್ಡು ತೋರಿಸಿ ಇವನು ಯಾರು ಎಂದು ಕೇಳಿದೆ.

‘ಮಂಗೋಲಿಯಾದ ಹೊರೆಯಾಳು. ಕೆಳಗ ಬರದೈತಲ್ಲ, ಆಯಿ’ ಎಂದ.

ಅದು ಧೋಂಡಪ್ಪನ ಮುಖ. ಹನ್ನೊಂದು ವರ್ಷದಿಂದ ನಮ್ಮ ಕಾಗದದ ಗಂಟುಗಳನ್ನು ಸ್ಟೇಷನ್ನಿನಿಂದ ಕೈಗಾಡಿಯಲ್ಲಿ ತಂದು ಹಾಕುವವನು. ಕಳೆದುಹೋದ ಕುಣಾಲನ ಕಾಲೇಜು ಸೈಕಲ್ ಎರಡು ಸಲ ಹುಡುಕಿ ತಂದುಕೊಟ್ಟವನು. ಮತ್ತೆ 40ನೆಯದನ್ನು ತೋರಿಸಿದೆ.

‘ಯಾವಾಕ್ಯೋ ಬ್ರಹ್ಮದೇಶದ ಮುದುಕಿ. ಅಷ್ಟೇನ ಮಹತ್ವದ ಕಾರ್ಡಲ್ಲ ಅದು.’

ಇನ್ನೊಮ್ಮೆ ನೋಡು ಎಂದೆ. ನೋಡಿದ. ಚಹಾ ಆಯಿತೇನು ಎಂದು ಕೇಳಿದ.

ಚಿತ್ರ ಬರೆದವನಿಗೆ ತಾನು ಬರೆದ ಮುಖ ಯಾರದೆಂದು ಗೊತ್ತಿರುತ್ತದೆ. ತಾನೇ ಸ್ಕ್ಯಾನ್ ಮಾಡಿ ಎಂಟು ದಿನ ತನ್ನ ಕಂಪ್ಯೂಟರಿನಲ್ಲಿಟ್ಟುಕೊಂಡಿದ್ದ ಹೆತ್ತ ತಾಯಿಯ ಮುಖ ಅವನಿಗೆ ಗುರುತು ಸಿಗಲಿಲ್ಲ. ಪೊಲೀಸರಿಗೆ ಇದಕ್ಕಿಂತ ಹೆಚ್ಚಿನ ಪುರಾವೆ ಬೇಕಾದರೆ ಮುಂದಿನದನ್ನು ಬರೆದುಕೊಳ್ಳಬೇಕು.

ಅಕ್ಟೋಬರ್ 13, ಸೋಮವಾರ ಮುಂಜಾನೆ 8ರಿಂದ ಮಧ್ಯಾಹ್ನ 1ರವರೆಗೆ ನಾನು ಮಾದರಿ ಪ್ರತಿಗಳನ್ನು ಹಿಡಿದು ಊರಲ್ಲಿ ತಿರುಗಿದೆ. 54ರಲ್ಲಿ 31 ಮುಖಗಳ ಗುರುತು ಹತ್ತಿತು. 22ನೆಯದಾದ ಪರ್ಷಿಯಾದ ತಂತಿಮಾಂತ್ರಿಕ ಎಂದರೆ ಸಿತಾರ ಮಾಡುವ ದಸ್ತಗೀರ ಚಾಚಾ. 9ನೆಯದಾದ ಜಪಾನದ ಹಿಮದೇವಿ ಎಂದರೆ ಬುಧಗಾಂವದಿಂದ ಹಾಲು ತರುವ ಮಂಗಲ. 33ನೆಯದಾದ ಚೀನದ ಕೋಟೆ ಕಟ್ಟುವವನು ಸ್ವತಃ ಹುಲಿಗೆಪ್ಪ; ತಡೆಯುವ ಬಲ 10, ಇಡೀ ಕಂತಿನಲ್ಲಿ ಅದೇ ಎಲ್ಲಕ್ಕಿಂತ ಹೆಚ್ಚಿನದು. ಧೋಂಡಪ್ಪ ತನ್ನ ಕಾರ್ಡು ನೋಡಿ, ‘ಟಿಕೀಟಿಲ್ಲದ ಮಂಗೋಲಿಯಾಕ್ಕ ಕಳಸ್ಯಾಳಲ್ರಿ ಪೋರಿ! ಅಲ್ಲಿನೂ ಹೊರಿನ ಹೊರಬೇಕೇನು?’ ಎಂದು ನಕ್ಕ. ನಂತರ, ಹುಡುಗಿ ಎಲ್ಲಿದ್ದಾಳೆ ಎಂದು ಕೇಳಿದ. ಹೇಳಿದೆ. ಫಿರ್ಯಾದಿಯ ಸಂಗತಿ ಕೇಳಿ ನಗು ನಿಲ್ಲಿಸಿ ಕಾರ್ಡು ತಿರುಗಿ ಕೊಟ್ಟ. 31 ಮಂದಿಯ ಹೆಸರು, ವಿಳಾಸದ ಯಾದಿ ಈ ಜಬಾಬಿಗೆ ಲಗತ್ತಿಸಿದ್ದೇನೆ. ಕಾರ್ಡು ಹಿಡಿದು ಹೋದರೆ ಯಾವ ಪೊಲೀಸನೂ ತಾಳೆ ನೋಡಬಹುದು.

ಅದೇ ದಿನ ಮಧ್ಯಾಹ್ನ 3-30ಕ್ಕೆ ಅವರ ಮನೆಗೆ ಹೋದೆ. ಕೆಂಪವ್ವ ಬಾಗಿಲಲ್ಲಿ ನಿಂತು ‘ಬರ್ರಿ, ಕುಂದ್ರಿ’ ಎಂದಳು. ಮನೆಯಲ್ಲಿದ್ದ ಒಂದೇ ಕುರ್ಚಿ ಹಾಕಿದಳು. ನೀರು ಕೊಟ್ಟಳು. ಬೈದಿದ್ದರೆ ನನಗೆ ಉತ್ತರ ಕೊಡಲು ಬರುತ್ತಿತ್ತು. ಶುಭಾಂಗಿ ಗೋಡೆಗೆ ಒರಗಿ ನಿಂತಿದ್ದಳು. ಹೆಸರು ಹಾಕಿಸುತ್ತೇನೆ, ಕೆಲಸಕ್ಕೆ ಬಾ ಎಂದೆ.

‘ನಾ ಕೇಳಿದ್ದು ಒಂದ ಸಾಲ ಮಾವಶಿ, ಡಬ್ಬಿ ಹಿಂದ. ಯಾರೂ ಓದೂದಿಲ್ಲ ಅಲ್ಲಿ. ಈಗ ಅದೂ ಬ್ಯಾಡ. ಚಿತ್ರಾ ಕೊಡಸ್ರಿ, ಸಾಕು.’

ನನ್ನನ್ನು ಹಾಗೆ ಯಾಕೆ ಬರೆದೆ ಎಂದು ಕೇಳಿದೆ. ‘ಒಂಬತ್ತ ಕೊಟ್ಟೇನಲ್ರಿ ತಡಿಯಾಕ. ಕುಣಾಲಗ ಕೇಳ್ರಿ, ನಿಮ್ಮನ್ನ ಎದುರಿಗಿ ಇಟ್ಕೊಂಡು ಆಡಿದ್ರ ಯಾರೂ ಗೆಲ್ಲಾಕ ಆಗೂದಿಲ್ಲ’ ಎಂದಳು. ಅದು ಹೊಗಳಿಕೆಯೋ ಅಲ್ಲವೋ ಎಂದು ಈಗಲೂ ನನಗೆ ತಿಳಿದಿಲ್ಲ.

ಇಂದು ದಿನಾಂಕ 14, ಮಂಗಳವಾರ 9-50ಕ್ಕೆ ನಾನು ಮನೆ ಬಿಡುವಾಗ ಕುಣಾಲ ಬಾಗಿಲಿಗೆ ಅಡ್ಡ ನಿಂತು, ನಾಳೆ ಕಂಪನಿಗೆ ಕೊಡುವ ದಿನ, ನೀನು ಬಾಯಿ ಬಿಟ್ಟರೆ ಕೆಲಸವೂ ಹೋಗುತ್ತದೆ, ನನ್ನ ಮಾನವೂ ಹೋಗುತ್ತದೆ, ಕೂಲಿಯವಳ ಸಲುವಾಗಿ ಸ್ವಂತ ಮಗನನ್ನು ಮುಳುಗಿಸುತ್ತೀಯಾ ಎಂದು ಕೇಳಿದ. ಬಾಗಿಲು ಬಿಡು ಎಂದೆ. ಬಿಟ್ಟ. ಈ ಹೇಳಿಕೆ ಬರೆಯುವ ಹೊತ್ತಿಗೆ ಅವನು ಠಾಣೆಯ ಹೊರಗೆ ಮೋಟರ್‌ಸೈಕಲ್ ಮೇಲೆ ಕುಳಿತಿದ್ದಾನೆ, ಕಿಟಕಿಯಿಂದ ಕಾಣುತ್ತಾನೆ.

ಜಪ್ತಿಯಾದ 54 ಚಿತ್ರ ಮತ್ತು ಹಸಿರು ಚೀಲವನ್ನು ಶುಭಾಂಗಿಯ ಕೈಗೇ ಕೊಡಬೇಕು. ಛಾಪಖಾನೆಯ ಕೈಗೆ ಕೊಡಬಾರದು. ಸುಳ್ಳು ಫಿರ್ಯಾದಿ ಕೊಟ್ಟದ್ದಕ್ಕೆ ಏನು ಶಿಕ್ಷೆ ಇದೆಯೋ ಅದು ಸಹಿ ಮಾಡಿದ ನನಗೆ ಸೇರಬೇಕು. ಟೈಪ್ ಮಾಡಿದವನ ಪಾಲು ಎಷ್ಟೆಂದು ಸಾಹೇಬರು ನೋಡಿಕೊಳ್ಳಲಿ.

ಬರೆದುಕೊಳ್ಳುತ್ತಿದ್ದ ಹವಾಲ್ದಾರರು ಇಲ್ಲಿ ಪೆನ್ನು ನಿಲ್ಲಿಸಿ, ಅಕ್ಕನವರೇ, ಎಲ್ಲ ಕಡೆ ‘ಮಗ’ ಅನ್ನುವುದು ಬೇಡ, ಬರೇ ಕುಣಾಲ ಜಿನಪ್ಪ ಮಗದುಮ ಎಂದು ಬರೆಯುತ್ತೇನೆ, ನಾಳೆ ಕೋರ್ಟಿನಲ್ಲಿ ಓದುವಾಗ ನಿಮಗೇ ತ್ರಾಸ ಎಂದರು. ಇರಲಿ, ಮಗ ಎಂದೇ ಬರೆಯಿರಿ ಎಂದೆ.

ಇಷ್ಟನ್ನು ಹವಾಲ್ದಾರರು ಒಮ್ಮೆ ಓದಿ ಹೇಳಿದರು, ಇನ್ನೊಮ್ಮೆ ನಾನೇ ಕನ್ನಡಕ ಹಾಕಿಕೊಂಡು ಓದಿದೆ. ಇದರಲ್ಲಿ ಯಾರ ಹೆದರಿಕೆಗೂ ಕೂಡಿಸಿದ್ದಿಲ್ಲ, ಮಗನ ಸಲುವಾಗಿ ಬಿಟ್ಟದ್ದೂ ಇಲ್ಲ.

ಸ್ಥಳ: ಮಿರಜ
ದಿನಾಂಕ: 14-10-2003, ಮಧ್ಯಾಹ್ನ 12-35
ಸಹಿ: ಜಿನಮತಿ ಜಿನಪ್ಪ ಮಗದುಮ