ತಿಪ್ಪವ್ವ ಬೀಳಲು ಕಲಿತ ಕಥೆ

ಮತ್ತೆ ತಡೆದಿರಿ. ನಾನು ಬಾಯಿ ತೆರೆದಾಗಲೇ ನಿಮಗೆ ನೀರಡಿಕೆ, ನಾನು ಬಾಯಿ ತೆರೆದಾಗಲೇ ನಿಮಗೆ ಕೆಮ್ಮು, ನಾನು ಬಾಯಿ ತೆರೆದಾಗಲೇ ಆ ಮೂಲೆಯಲ್ಲಿ ಒಬ್ಬಳ ಜಡೆ ಇನ್ನೊಬ್ಬಳು ಎಳೆಯಬೇಕು. ಇನ್ನೊಮ್ಮೆ ಎದ್ದವರು ಹಿತ್ತಿಲಿಗೆ ಹೋಗಿ ಎಮ್ಮೆಯನ್ನು ಕಳಿಸಿ, ಅದಾದರೂ ಸುಮ್ಮನೆ ಕೇಳುತ್ತದೆ. ಕೂತಿರಾ? ಹ್ಞೂಂ ಅನ್ನಿ. ಹ್ಞೂಂಗುಟ್ಟದವರಿಗೆ ಕಥೆ ಇಲ್ಲ.

ಹೆಸರು ಮರೆತುಹೋದ ಒಂದು ಸೀಮೆ, ಆ ಸೀಮೆಯಲ್ಲೊಂದು ಊರು. ಯಾವ ಊರು ಎಂದು ಕೇಳಬೇಡಿ, ನನಗೆ ಹೇಳಿದ ನನ್ನಜ್ಜಿಗೂ ಗೊತ್ತಿರಲಿಲ್ಲ. ಆ ಊರಿಗೊಂದು ಗರಡಿಮನೆ. ಅದರ ಅಖಾಡದ ಕೆಮ್ಮಣ್ಣಿಗೆ ಮಜ್ಜಿಗೆ ಸುರಿದು, ಎಣ್ಣೆ ಸುರಿದು, ಅರಿಶಿನ ಕಲಸಿ, ಮಕ್ಕಳು ತುಳಿದು ತುಳಿದು ಹದ ಮಾಡುತ್ತಿದ್ದರು. ಬೆಳಿಗ್ಗೆ ಆ ಓಣಿಯಲ್ಲಿ ಹಾದವರಿಗೆ ಮಣ್ಣಿನ ವಾಸನೆಗೇ ಹಸಿವಾಗುತ್ತಿತ್ತಂತೆ. ಅಂಥ ಮಣ್ಣು ಈಗ ಎಲ್ಲಿದೆ? ಈಗ ಮಗುವಿನ ಕಾಲಿಗೆ ಮಣ್ಣು ತಾಗಿದರೆ ತಾಯಿ ಸೋಪು ಹುಡುಕುತ್ತಾಳೆ. ನಾನೂ ಹುಡುಕುತ್ತೇನೆ, ನಗಬೇಡಿ.

ಆ ಊರಲ್ಲಿ ನಿಂಬೆವ್ವ ಎಂಬ ಹೆಣ್ಣುಮಗಳು. ಅವಳಿಗೆ ಮಕ್ಕಳು ಹುಟ್ಟುತ್ತಿದ್ದವು, ಉಳಿಯುತ್ತಿರಲಿಲ್ಲ. ಒಂದು ತೊಟ್ಟಿಲಿನವರೆಗೂ ಬರಲಿಲ್ಲ, ಒಂದು ತೊಟ್ಟಿಲಲ್ಲೇ ಹೋಯಿತು, ಒಂದು ಅವ್ವಾ ಅನ್ನಲು ಕಲಿತು ಹೋಯಿತು. ಆಮೇಲೆ ಹುಟ್ಟಿದವಳನ್ನು ಮೊರದಲ್ಲಿಟ್ಟು ತಿಪ್ಪೆಯ ಮೇಲೆ ಮಲಗಿಸಿ, ಇದು ಯಾರಿಗೂ ಬೇಡವಾದ ಕೂಸು ಎಂದು ಸಾವಿಗೆ ಕೇಳುವಂತೆ ಕೂಗಿ, ತಿಪ್ಪವ್ವ ಎಂದು ಹೆಸರಿಟ್ಟರು. ಸಾವು ನಂಬಿತು. ಕೂಸು ಉಳಿಯಿತು.

ಆದರೆ ಕೇಳಿ, ಬೇಡವೆಂದು ಕೂಗಿದ ಆ ಕೂಸನ್ನು ನಿಂಬೆವ್ವ ಅವತ್ತಿನಿಂದ ನೆಲಕ್ಕೇ ಬಿಡಲಿಲ್ಲ. ರೊಟ್ಟಿ ಬಡಿಯುವಾಗ ತೊಡೆಯ ಮೇಲೆ, ನೀರಿಗೆ ಹೋಗುವಾಗ ಸೊಂಟದ ಮೇಲೆ, ಕಳೆ ತೆಗೆಯುವಾಗ ಬೆನ್ನ ಮೇಲೆ. ಹಾಲುಹಲ್ಲು ಬಿದ್ದು ಹೊಸ ಹಲ್ಲು ಬಂದರೂ ಹುಡುಗಿ ಇಳಿಯಲಿಲ್ಲ. ನಾಯಿ ಬೊಗಳಿದರೆ ಕಣ್ಣು ಮುಚ್ಚುವಳು. ಕೋಳಿ ಓಡಿದರೆ ಸೆರಗಿನೊಳಗೆ ಮುಖ. ಯಾರಾದರೂ ಹೆಸರು ಕೇಳಿದರೆ ಅವ್ವನ ಬಾಯಿ ನೋಡುವಳು. ಓಣಿಯ ಮಕ್ಕಳು ಅವಳಿಗೆ ನಿಂಬೆವ್ವನ ಕೊಡ ಎಂದು ಹೆಸರಿಟ್ಟಿದ್ದರು. "ಕೊಡ ಬಂತು, ತುಳುಕೀತು, ದಾರಿ ಬಿಡ್ರಲೇ" ಎನ್ನುವರು. ನಿಂಬೆವ್ವ ಅವರನ್ನು ಬೈದು ಓಡಿಸುವಳು. ಆದರೆ ಹುಡುಗಿಗೆ ಬೈಯಲೂ ಬರುತ್ತಿರಲಿಲ್ಲ. ತಾಯಿಯ ಕರುಳಿಗೆ ನಾಟಿದ್ದು ಅದೇ. ನಾಳೆ ತಾನಿಲ್ಲದ ದಿನ ಈ ಹುಡುಗಿ ಹೇಗೆ ಬಾಳಿಯಾಳು?

ಗರಡಿಮನೆಯಲ್ಲಿ ದಾವಲಜ್ಜ ಎಂಬ ಮುದುಕ, ಊರ ಮಕ್ಕಳಿಗೆ ಕುಸ್ತಿ, ಮಲ್ಲಕಂಬ ಕಲಿಸುವ ವಸ್ತಾದ. ಅವನು ತಾಯಿತವನ್ನೂ ಕಟ್ಟುತ್ತಾನೆಂದು ಯಾರೋ ಹೇಳಿದರು. ನಿಂಬೆವ್ವ ಹೋದಳು. ಹೆಂಗಸರು ಗರಡಿಯ ಹೊಸ್ತಿಲು ದಾಟುವಂತಿಲ್ಲ; ಹೊರಗೇ ನಿಂತು, ಅಂಜಿಕೆ ಬಿಡಿಸುವ ತಾಯಿತ ಕಟ್ಟು ಅಂದಳು.

ಅಜ್ಜ ಹುಡುಗಿಯ ಅಂಗಾಲು ಹಿಡಿದು ನೋಡಿದ. ಬೆಣ್ಣೆಯಂಥ ಅಂಗಾಲು.

"ಯವ್ವಾ ನಿಂಬೆವ್ವ, ಕೊರಳಿಗೆ ಕಟ್ಟೂದೇನೂ ನನ್ನ ಹತ್ರ ಇಲ್ಲ. ಈ ಕಾಲು ಇಲ್ಲಿ ಬಿಟ್ಟು ಹೋಗು. ಸಣ್ಣ ಕೂಸಿಗೆ ಹೊಸ್ತಿಲ ಕಟ್ಟಳೆ ಇಲ್ಲ."

"ಬಿದ್ದರ?"

"ಮೊದಲ ಅದನ್ನ ಕಲಿಸ್ತೀನಿ."

ಸುದ್ದಿ ಕೇಳಿ ಅತ್ತೆ ಸಾಬವ್ವ ಒಲೆಯ ಮುಂದಿನಿಂದ ಏಳಲಿಲ್ಲ, ದನಿ ಮಾತ್ರ ಎಬ್ಬಿಸಿದಳು. ಉಳಿದದ್ದು ಇದೊಂದೇ, ಇದರ ಒಂದು ಎಲುಬು ಮುರಿದರೂ ತಾಯಿ ಮಗಳು ಇಬ್ಬರೂ ತವರಿನ ದಾರಿ ಹಿಡಿಯಬೇಕು ಎಂದಳು. ಗಂಡ ಏನೆಂದ? ಅವನು ರೊಟ್ಟಿ ಮುರಿಯುತ್ತ ಕೂತಿದ್ದ. ಗಂಡಸರಿಗೆ ಇಂಥ ಹೊತ್ತಿನಲ್ಲಿ ಬಹಳ ಹಸಿವು.

ಅಜ್ಜ ಕಂಬ ತೋರಿಸಲಿಲ್ಲ, ಎತ್ತುವ ಗುಂಡುಕಲ್ಲು ತೋರಿಸಲಿಲ್ಲ. ಮಣ್ಣು ತುಳಿ ಅಂದ, ತುಳಿದಳು. ಮಣ್ಣಲ್ಲಿ ಕೂರು ಅಂದ, ಕೂತಳು. ಮಣ್ಣಲ್ಲಿ ಬೀಳು ಅಂದ, ಅತ್ತಳು. ಬೀಳುವುದಕ್ಕೂ ಒಂದು ಕ್ರಮವಿದೆ, ಗೊತ್ತೇ? ಗದ್ದ ಎದೆಗೆ ಒತ್ತಬೇಕು, ಬೆನ್ನು ಬಾಗಿಸಬೇಕು, ಉರುಳಿದ ರಭಸದಲ್ಲೇ ಎದ್ದುಬಿಡಬೇಕು. ಮಳೆ ಹಿಡಿಯುವ ಹೊತ್ತಿಗೆ ಹುಡುಗಿ ಅಳು ಬಿಟ್ಟು ಉರುಳತೊಡಗಿದಳು. ಮನೆಗೆ ಬಂದರೆ ಹಾಸಿಗೆಯ ಮೇಲೂ ಅದೇ ಆಟ, ಬಣವೆಯ ಮೇಲೂ ಅದೇ ಆಟ.

ಆಮೇಲೆ ಕಂಬ. ಹರಳೆಣ್ಣೆ ಸವರಿದ ಮಲ್ಲಕಂಬ. ತಿಪ್ಪವ್ವ ಮೊಣಕಾಲೆತ್ತರ ಏರಿದಳು. ಹೊಸ್ತಿಲಾಚೆಯಿಂದ ನಿಂಬೆವ್ವ "ಜ್ವಾಕಿ ನನ್ನವ್ವಾ" ಎಂದಳು. ಹುಡುಗಿ ತಿರುಗಿ ನೋಡಿ ಜಾರಿದಳು. ಸೊಂಟದೆತ್ತರ ಏರಿದಳು, "ಜ್ವಾಕಿ ನನ್ನವ್ವಾ", ಜಾರಿದಳು. ಆಳೆತ್ತರ ಏರಿದಳು, "ಜ್ವಾಕಿ ನನ್ನವ್ವಾ", ಜಾರಿದಳು. ಅಜ್ಜ ಹೊರಗೆ ಬಂದ.

"ಕಂಬಕ್ಕ ಎಣ್ಣಿ ನಾ ಕಡಿಮಿನ ಹಚ್ಚೀನಿ. ಕೂಸಿನ ಜಾರಸಾಕಿ ನೀನು."

ಅವತ್ತಿನಿಂದ ನಿಂಬೆವ್ವ ಬಾಗಿಲಿಗೆ ಬೆನ್ನು ಮಾಡಿ, ಸೆರಗು ಬಾಯಿಗೆ ತುರುಕಿಕೊಂಡು ಕೂರತೊಡಗಿದಳು. ಒಳಗೆ ದೊಪ್ಪೆಂದರೆ ಹೊರಗೆ ಸೆರಗು ಹರಿಯುತ್ತಿತ್ತು.

ಹೀಗೆ ನಾಗರ ಪಂಚಮಿ ಬಂತು. ಆ ಊರಲ್ಲಿ ಪಂಚಮಿಗೆ ಕಂಬವನ್ನು ಬಯಲಲ್ಲಿ ನೆಟ್ಟು, ಬುಡದ ಸುತ್ತ ಅಖಾಡದ ಮಣ್ಣು ಹರಡುತ್ತಿದ್ದರು. ಮಕ್ಕಳು ಹತ್ತುವುದು, ಊರೆಲ್ಲ ಉಂಡಿ ಮೆಲ್ಲುತ್ತ ನೋಡುವುದು. ಸಾಬವ್ವನೂ ಬಂದು ಕೂತಳು. ತಿಪ್ಪವ್ವನ ಸರದಿ ಬಂದಾಗ ಓಣಿಯ ಮಕ್ಕಳು, ಕೊಡ ಬಂತು ಕೊಡ ಬಂತು ಎಂದರು. ಹುಡುಗಿ ಏರಿದಳು. ಇನ್ನೇನು ತುದಿ ಕೈಗೆ ಸಿಕ್ಕಿತು ಅನ್ನುವಾಗ ಕಾಲು ಜಾರಿ ದೊಪ್ಪೆಂದು ಬಿದ್ದಳು.

ನಿಂಬೆವ್ವ ಎದ್ದು ನಿಂತಳು. ಬಯಲಿಗೆ ಹೊಸ್ತಿಲಿಲ್ಲ, ತಡೆಯುವವರಿಲ್ಲ. ಓಡಿದರೆ ಮಗಳು ಮತ್ತೆ ಸೊಂಟದ ಮೇಲೆ. ಅತ್ತೆ, ಹೋಗಿ ಎತ್ತಿಕೊಳ್ಳೇ ಎಂದು ಕಿರುಚುತ್ತಿದ್ದಾಳೆ. ತೀರಿಹೋದ ಮಕ್ಕಳೂ ಎದೆಯೊಳಗೆ ಕಿರುಚುತ್ತಿವೆ. ನೀವಾಗಿದ್ದರೆ ಏನು ಮಾಡುತ್ತಿದ್ದಿರಿ? ನಿಂಬೆವ್ವ ಮಗಳಿಗೆ ಬೆನ್ನು ಮಾಡಿ ಕೂತುಬಿಟ್ಟಳು.

ಈಗ ಅವಳಿಗೆ ಕಾಣುವುದು ಅತ್ತೆಯ ಮುಖವೊಂದೇ. ಆ ಮುಖದಲ್ಲಿ ಬಾಯಿ ತೆರೆದಿತ್ತು. ಬಾಯಿ ಮುಚ್ಚಿತು. ಆಮೇಲೆ ಗದ್ದ ಮೆಲ್ಲಗೆ ಮೇಲೇರತೊಡಗಿತು. ಇನ್ನೂ ಮೇಲೆ, ಇನ್ನೂ ಮೇಲೆ, ಕಡೆಗೆ ತಲೆಯ ಮೇಲಿನ ಸೆರಗು ಹಿಂದಕ್ಕೆ ಜಾರಿ ಬಿತ್ತು.

"ಏ ನಿಂಬಿ, ಹಿಂದಕ್ಕ ನೋಡ" ಎಂದಳು ಸಾಬವ್ವ, ದನಿಯೇ ಇಲ್ಲದ ದನಿಯಲ್ಲಿ. "ತುದಿಗೆ ಕುಂತಾಳ."

ನಿಂಬೆವ್ವ ತಿರುಗಿದಳು. ಕಂಬದ ತುದಿಯಲ್ಲಿ, ಮೈತುಂಬ ಕೆಮ್ಮಣ್ಣು ಮೆತ್ತಿಕೊಂಡು, ಅವಳ ಮಗಳು ಓಣಿಯ ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಹೆಸರು ಹಿಡಿದು ಬೈಯುತ್ತಿದ್ದಳು. ಆ ಬೈಗುಳದಷ್ಟು ಹಿತವಾದ ಮಾತನ್ನು ತಾಯಿ ಹಿಂದೆಂದೂ ಕೇಳಿರಲಿಲ್ಲ.

ಅವರ ಕಂಬ ಅವರ ಬಯಲಲ್ಲಿ ಉಳಿಯಿತು, ನಮ್ಮ ಕಥೆ ನಮ್ಮ ಜಗಲಿಗೆ ಬಂತು. ಆ ಗರಡಿಗೆ ಈಗ ಬೀಗವಂತೆ, ಮಣ್ಣು ಕಲ್ಲಾಗಿದೆಯಂತೆ. ಏಳಬೇಡಿ, ಇನ್ನೊಂದು ಮಾತಿದೆ. ಅವತ್ತು ಮನೆಗೆ ಹೋಗುವ ದಾರಿಯಲ್ಲಿ ತಿಪ್ಪವ್ವ ಮುಂದೆ ಮುಂದೆ ನಡೆದವಳು ನಿಂತು, ಅವ್ವನನ್ನು ಒಂದು ಮಾತು ಕೇಳಿದಳು. ಹುಡುಗಿ ಕೇಳಿದ್ದು ಇಷ್ಟೇ:

"ಅವ್ವಾ, ಬಿದ್ದು ಏಳೂದು ನನಗ ಅಜ್ಜ ಕಲಿಸಿದ. ನಾ ಬಿದ್ದಾಗ ಓಡಿ ಬರಲಾರದ ಕುಂದರೂದು ನಿನಗ ಯಾರು ಕಲಿಸಿದರು?"