ಭುಜದ ಮೇಲಿನ ಧೂಳು

ಮ್ಯೂಸಿಯಂನಲ್ಲಿ ಹಳೆಯ ಶಿಲ್ಪಗಳ ಕೋಣೆ ತೆರೆಯಲು ಇನ್ನೂ ಹತ್ತು ನಿಮಿಷವಿತ್ತು. ಸಾಲಿನಲ್ಲಿ ನಾನೇ ಮೊದಲಿಗ. ಅರ್ಧ ತೆರೆದ ಗಾಜಿನ ಬಾಗಿಲಿನಾಚೆ ಪ್ರತಿಮೆಗಳ ಧೂಳು ಒರೆಸುವ ಹೆಂಗಸು ಏಣಿಯ ಮೇಲಿದ್ದಳು. ವಯಸ್ಸಾದ ಕಾವಲುಗಾರ ಏಣಿ ಹಿಡಿದಿದ್ದ.

"ರಾಜನ ಕಿವಿ ಹಿಂದೆ ಇನ್ನೂ ಉಳಿದಿದೆ ನೋಡಿ."

"ದಿನಾ ಅಲ್ಲೇ ಸೇರ್ಕೊಳ್ಳುತ್ತೆ, ಹಾಳಾದ್ದು. ನಿನ್ನೆ ನನ್ನ ಮಾನ ಹೋಯ್ತು ಗೊತ್ತಾ?"

"ಏನಾಯ್ತು?"

"ಬಸ್ಸಲ್ಲಿ ಮುಂದಿನ ಸೀಟಲ್ಲಿ ಯಾರೋ ಒಬ್ರು ಕೂತಿದ್ರು. ಕೋಟಿನ ಭುಜದ ಮೇಲೆ ಧೂಳಿತ್ತು. ಕೈ ಸುಮ್ನಿರಬೇಕಲ್ಲ, ಒರೆಸಿಬಿಟ್ಟೆ."

"ಅಯ್ಯೋ! ಬೈದ್ರಾ?"

"ಇಲ್ಲ. ತಿರುಗಿ ಕೂಡ ನೋಡ್ಲಿಲ್ಲ. ಇವುಗಳ ಹಾಗೇ ಅಲ್ಲಾಡದೆ ಕೂತ್ರು."

"ಆಮೇಲೆ?"

"ಆಮೇಲೇನು, ಇನ್ನೊಂದು ಭುಜಾನೂ ಒರೆಸ್ದೆ."

ಕಾವಲುಗಾರ ನಗಲಿಲ್ಲ.

"ಬೆಚ್ಚಗಿತ್ತು ಕಣ್ರೀ. ನಮ್ಮೆಜಮಾನ್ರು ಹೋದ ಮೇಲೆ ಆರು ವರ್ಷದಿಂದ ಈ ಕೈಗೆ ಬರೀ ಕಲ್ಲೇ."

ಅವಳು ಕೆಳಗಿಳಿದಳು. ಅವನು ಬೆನ್ನು ತಿರುಗಿಸಿ ನಿಂತ.

"ನನ್ನ ಕೋಟಲ್ಲೇನಾದ್ರೂ ಧೂಳಿದೆಯಾ ನೋಡಿ."

"ಏನಿಲ್ಲ, ಚೊಕ್ಕವಾಗಿದೆ. ನೀವೇನಾ ಇಸ್ತ್ರಿ ಹಾಕ್ಕೊಳ್ಳೋದು?"

"ಮತ್ತಿನ್ಯಾರಿದ್ದಾರೆ? ಸರಿಯಾಗಿ ನೋಡಿ."

"ಒಂದು ಚೂರೂ ಇಲ್ಲ ಕಣ್ರೀ."

ಗಂಟೆ ಹೊಡೆಯಿತು. ಅವಳು ಏಣಿ ಹೊತ್ತುಕೊಂಡು ಮುಂದಿನ ಕೋಣೆಗೆ ಹೋದಳು. ಅವನು ಹಾಗೇ ಬೆನ್ನು ತಿರುಗಿಸಿಕೊಂಡು ಇನ್ನೂ ಸ್ವಲ್ಪ ಹೊತ್ತು ನಿಂತಿದ್ದ. ಆಮೇಲೆ ಬಂದು, ನಮಗೆ ಬಾಗಿಲು ಪೂರ್ತಿ ತೆರೆದು, "ಯಾವುದನ್ನೂ ಮುಟ್ಟಬೇಡಿ" ಎಂದ.